ಎಂಟುನೂರರ ರೂಮಿಗೆ ಜಿಎಸ್‌ಟಿ ಎಷ್ಟು?

ಇವತ್ತು ಲಾಡ್ಜ್ ಬಿಲ್ ಬಗ್ಗೆ ಮಾತಾಡೋಣ.

ಕಳೆದ ತಿಂಗಳು ಹುಮನಾಬಾದಿನಲ್ಲಿ ಟ್ರೇನ್ ಇಳಿದು, ಬಸ್ ಹಿಡಿದು ಬಸವಕಲ್ಯಾಣಕ್ಕೆ ಹೋಗಿದ್ದೆ. ಕೋಟೆ, ಅನುಭವ ಮಂಟಪ ನೋಡಿಕೊಂಡು ರಾತ್ರಿ ಹಳೇ ಊರಿನ ಒಂದು ಸಣ್ಣ ಲಾಡ್ಜಿನಲ್ಲಿ ಉಳಿದೆ. ರೂಮು ಸ್ವಚ್ಛ ಇತ್ತು, ಬಕೆಟ್ ತುಂಬ ಬಿಸಿನೀರೂ ಸಿಕ್ತು. ಬೆಳಿಗ್ಗೆ ಬಿಲ್ ಬಂತು: ಬಾಡಿಗೆ 800, ಜಿಎಸ್‌ಟಿ 12% ಅಂತ 96, ಒಟ್ಟು 896.

‘ಅಣ್ಣಾ, ಇದ್ರಾಗ ಜಿಎಸ್‌ಟಿ ನಂಬರ್ ಎಲ್ಲದರಿ?’

‘ನಂಬರ್ ಇಲ್ರಿ. ಎಲ್ಲಾರ ಹಂತೇಕನೂ ತಗೋತೀವ್ರಿ.’

ಇಲ್ಲಿ ಎರಡು ತಪ್ಪಿವೆ.

ಒಂದು, ದರ. ಮೊದಲು ದಿನಕ್ಕೆ 1000 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿನೇ ಇರಲಿಲ್ಲ. 2022ರ ಜುಲೈ 18ರಿಂದ 12% ಬಂತು. 2025ರ ಸೆಪ್ಟೆಂಬರ್ 22ರಿಂದ 7500 ರೂಪಾಯಿವರೆಗಿನ ರೂಮಿಗೆ 5% ಮಾತ್ರ. ಅಂದ್ರೆ 800ಕ್ಕೆ 40.

ಎರಡು, ನೋಂದಣಿ. ವರ್ಷದ ವಹಿವಾಟು 20 ಲಕ್ಷ ದಾಟದ ಲಾಡ್ಜ್ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ಆದರೆ ನೋಂದಣಿ ಇಲ್ಲದವರು ಗಿರಾಕಿಯಿಂದ ಜಿಎಸ್‌ಟಿ ವಸೂಲಿ ಮಾಡುವಂತೆಯೇ ಇಲ್ಲ. ಆ 40 ಕೂಡ ಕೊಡಬೇಕಿಲ್ಲ.

ಹಾಗಾಗಿ ಬಿಲ್‌ನಲ್ಲಿ 15 ಅಕ್ಷರ-ಅಂಕಿಗಳ ನಂಬರ್ ಹುಡುಕಿ. ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಯಾರ ಹೆಸರಲ್ಲಿದೆ ಅಂತ ಮೊಬೈಲಲ್ಲೇ ಗೊತ್ತಾಗುತ್ತೆ. ಮಾತಿಗೆ ಬಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.

ನನಗೆ ಫೋನ್ ಮಾಡುವ ಪ್ರಮೇಯ ಬರಲಿಲ್ಲ. ಅವರು 800 ಅಷ್ಟೇ ತಗೊಂಡರು. ನಾಳೆ ಬಾಡಿಗೆಯನ್ನೇ 900 ಮಾಡಿದರೆ ಅದು ಅವರ ಹಕ್ಕು, ಆ ರೂಮಿಗೆ ನಾನು ಕೊಡ್ತೀನಿ ಕೂಡ. ಆದರೆ ತೆರಿಗೆ ಅಂತ ಬರೆದು ತಗೊಂಡ ದುಡ್ಡು ಸರ್ಕಾರಕ್ಕೇ ಸೇರಬೇಕು.