ವಸ್ತಿ ಬಸ್ಸು, ಒಪಿಡಿ ಚೀಟಿ

ರಾತ್ರಿ ಕೊನೆಯ ಟ್ರಿಪ್ಪಿಗೆ ಊರಿಗೆ ಬಂದು ಗುಡಿಯ ಮುಂದೋ ಪಂಚಾಯಿತಿ ಕಟ್ಟೆಯ ಪಕ್ಕದಲ್ಲೋ ನಿಲ್ಲುತ್ತದೆ ವಸ್ತಿ ಬಸ್ಸು. ಡ್ರೈವರ್, ಕಂಡಕ್ಟರ್ ಇಬ್ಬರೂ ಅಲ್ಲೇ ಮಲಗಿ, ನಸುಕಿನಲ್ಲಿ ಹಾರ್ನ್ ಹೊಡೆದು ಊರನ್ನು ಎಬ್ಬಿಸುತ್ತಾರೆ. ಸುರಪುರ, ಶಹಾಪುರ, ಹುಣಸಗಿ, ವಡಗೇರಾ ಕಡೆಯ ಹಳ್ಳಿಗಳಲ್ಲಿ ಆ ಗಾಡಿ ಹತ್ತುವವರಲ್ಲಿ ಕಾಲೇಜಿನ ಹುಡುಗರಿರುತ್ತಾರೆ, ಕೋರ್ಟು ಕಚೇರಿಗೆ ಹೊರಟವರಿರುತ್ತಾರೆ. ಮತ್ತೊಂದು ಗುಂಪನ್ನು ಕೈಯಲ್ಲಿನ ಚೀಲದಿಂದಲೇ ಗುರುತು ಹಿಡಿಯಬಹುದು. ಚೀಲದೊಳಗೆ ಮಡಚಲಾಗದ ಎಕ್ಸ್‌ರೇ ಫಿಲ್ಮು, ಹಳೆಯ ಚೀಟಿಗಳ ಕಟ್ಟು, ಬಟ್ಟೆಯಲ್ಲಿ ಸುತ್ತಿದ ರೊಟ್ಟಿ. ಅವರು ದವಾಖಾನೆಗೆ ಹೊರಟವರು. ಸಗರನಾಡೆಂದು ಕರೆಯುವ ಈ ಸೀಮೆಯ ನಿಜವಾದ ವೈದ್ಯಕೀಯ ಸಾರಿಗೆ ಯಾವುದೆಂದು ಕೇಳಿದರೆ, ನನ್ನ ಲೆಕ್ಕದಲ್ಲಿ ಈ ಕೆಂಪು ಬಸ್ಸು. ಸೈರನ್ ಹಾಕಿಕೊಂಡು ಓಡುವ ಗಾಡಿಯ ಸರದಿ ಬರುವುದು ಆಮೇಲೆ.

ಅವರ ಪ್ರಯಾಣ ಮೂರು ಮೆಟ್ಟಿಲಿನದು. ಮೊದಲು ತಾಲ್ಲೂಕು ಆಸ್ಪತ್ರೆ. ಅಲ್ಲಿ ಆಗದಿದ್ದರೆ ಯಾದಗಿರಿ. 2009ರ ಡಿಸೆಂಬರ್ 30ರಂದು ಕಲಬುರಗಿಯಿಂದ ಬೇರೆಯಾದ ಈ ಜಿಲ್ಲೆಗೆ ವೈದ್ಯಕೀಯ ಕಾಲೇಜು ಬಂದದ್ದು ಇತ್ತೀಚೆಗೆ. ಯಾದಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಎಂಬಿಬಿಎಸ್ ತರಗತಿ ಶುರುವಾಗಿದ್ದು 2022-23ರಲ್ಲಿ. ಅಲ್ಲಿಯೂ ಆಗದಿದ್ದರೆ ಕಲಬುರಗಿ, ಅದರಲ್ಲೂ ಸೇಡಂ ರಸ್ತೆ. ಜಿಮ್ಸ್, ಇಎಸ್‌ಐಸಿ, ಬಸವೇಶ್ವರ ಆಸ್ಪತ್ರೆ ಎಲ್ಲವೂ ಅದೇ ರಸ್ತೆಯ ಆಸರೆಯಲ್ಲಿವೆ. ಹೃದ್ರೋಗಕ್ಕೆ ಜಯದೇವದ ಹೊಸ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಉದ್ಘಾಟನೆಯಾಯಿತು. ಸುರಪುರದಿಂದ ಶಹಾಪುರ, ಜೇವರ್ಗಿ ದಾಟಿ ಅಲ್ಲಿಗೆ ನೂರು ಕಿಲೋಮೀಟರಿನ ಮೇಲಾಗುತ್ತದೆ. ಯಾದಗಿರಿಗೆ ರೈಲಿದೆ. ಸುರಪುರಕ್ಕೂ ಶಹಾಪುರಕ್ಕೂ ಇಲ್ಲ, ಅಲ್ಲಿನವರಿಗೆ ರಸ್ತೆಯೇ ಗತಿ.

ದೂರ ಹೆಚ್ಚಾದಂತೆ ಆಸ್ಪತ್ರೆಗೆ ಹೋಗುವವರು ಕಡಿಮೆಯಾಗುತ್ತಾರೆ ಎಂಬುದನ್ನು ಅಂಕಿಅಂಶ ಹಿಡಿದು ಮೊದಲು ತೋರಿಸಿದವರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ವೈದ್ಯ ಎಡ್ವರ್ಡ್ ಜಾರ್ವಿಸ್ ಒಬ್ಬ. 1850ರ ಸುಮಾರಿಗೆ ಆತ ಮಾನಸಿಕ ಆಸ್ಪತ್ರೆಗಳ ದಾಖಲೆ ತಿರುವಿಹಾಕಿದ. ಆಸ್ಪತ್ರೆಯ ಹತ್ತಿರದ ಊರುಗಳಿಂದ ಬಂದ ರೋಗಿಗಳು ಬಹಳ, ದೂರದ ಊರುಗಳಿಂದ ಬಂದವರು ವಿರಳ. ಆಸ್ಪತ್ರೆಯ ನೆರೆಯಲ್ಲಿ ಹುಚ್ಚು ಹೆಚ್ಚಾಗಿ ಹಬ್ಬುತ್ತದೆಯೇ? ಇಲ್ಲ. ರೋಗ ಎಲ್ಲ ಕಡೆಯೂ ಇತ್ತು, ಹೋಗುವ ದಾರಿ ಮಾತ್ರ ಎಲ್ಲರಿಗೂ ಇರಲಿಲ್ಲ. ಭೂಗೋಳ ತಜ್ಞರು ಇದನ್ನು ಇಂದಿಗೂ ಜಾರ್ವಿಸ್ ನಿಯಮ ಎನ್ನುತ್ತಾರೆ. ಹಾಗಾಗಿ ಯಾವುದೋ ಹಳ್ಳಿಯಿಂದ ಸಕ್ಕರೆ ಕಾಯಿಲೆಯವರು ಆಸ್ಪತ್ರೆಯ ರಿಜಿಸ್ಟರಿನಲ್ಲಿ ಕಾಣುತ್ತಿಲ್ಲ ಎಂದರೆ ಆ ಹಳ್ಳಿ ಆರೋಗ್ಯವಾಗಿದೆ ಎಂದು ಬೀಗುವಂತಿಲ್ಲ. ಅಲ್ಲಿಗೆ ಬರುವ ಬಸ್ಸಿನ ಸಮಯವನ್ನೂ ನೋಡಬೇಕು.

ಕಿಲೋಮೀಟರ್ ಲೆಕ್ಕ ಇಲ್ಲಿ ಅರ್ಧ ಸತ್ಯ, ಉಳಿದರ್ಧ ಕಾಯುವಿಕೆ. ಈ ಕಾಯುವಿಕೆಯ ಗಣಿತ ಸ್ವಲ್ಪ ಮೋಸದ್ದು. ಗಂಟೆಗೆ ಎರಡು ಬಸ್ಸು ಇವೆ ಎಂದುಕೊಳ್ಳಿ. ಅರ್ಧ ಗಂಟೆಗೊಂದರಂತೆ ಸರಿಯಾಗಿ ಬಂದರೆ, ಮನಸ್ಸಿಗೆ ಬಂದ ಹೊತ್ತಿಗೆ ನಿಲ್ದಾಣಕ್ಕೆ ಬಂದವರು ಸರಾಸರಿ 15 ನಿಮಿಷ ಕಾಯುತ್ತಾರೆ. ಅದೇ ಎರಡು ಬಸ್ಸುಗಳ ನಡುವಿನ ಅಂತರ ಒಮ್ಮೆ 10 ನಿಮಿಷ, ಇನ್ನೊಮ್ಮೆ 50 ನಿಮಿಷ ಆದರೆ? ಗಂಟೆಗೆ ಬಸ್ಸು ಎರಡೇ, ಕಾಯುವಿಕೆ ಮಾತ್ರ ಸರಾಸರಿ 22 ನಿಮಿಷಕ್ಕೆ ಏರುತ್ತದೆ. ಆರು ಜನ ಬಂದರೆ ಅವರಲ್ಲಿ ಐವರು ಸಿಕ್ಕಿಬೀಳುವುದು ಆ 50 ನಿಮಿಷದ ಖಾಲಿ ಹೊತ್ತಿನಲ್ಲೇ. ಎರಡೂ ಬಸ್ಸು ಒಂದರ ಹಿಂದೊಂದು ಬಂದುಬಿಟ್ಟರೆ ಕಾಯುವಿಕೆ ಅರ್ಧ ಗಂಟೆ. 'ಬಂದ್ರ ಎರಡೂ ಕೂಡೇ ಬರ್ತಾವ ನೋಡ್ರಿ' ಎಂಬ ನಿಲ್ದಾಣದ ಗೊಣಗಾಟ ಬರೀ ಸಿಟ್ಟಿನ ಮಾತಲ್ಲ. ನ್ಯೂವೆಲ್ ಮತ್ತು ಪಾಟ್ಸ್ ಎಂಬ ಗಣಿತಜ್ಞರು 1964ರಲ್ಲೇ ಇದರ ಕಾರಣ ಬಿಡಿಸಿಟ್ಟಿದ್ದಾರೆ. ತಡವಾದ ಬಸ್ಸಿಗೆ ಮುಂದಿನ ನಿಲ್ದಾಣದಲ್ಲಿ ಹೆಚ್ಚು ಜನ ಕಾದಿರುತ್ತಾರೆ. ಅವರು ಹತ್ತುವಷ್ಟರಲ್ಲಿ ಅದು ಮತ್ತಷ್ಟು ತಡವಾಗುತ್ತದೆ. ಹಿಂದಿನ ಬಸ್ಸಿಗೆ ಜನ ಕಡಿಮೆ, ಅದು ಬೇಗ ಬಂದು ಮುಂದಿನದನ್ನು ಮುಟ್ಟುತ್ತದೆ. ಸಾರಿಗೆ ನಿಗಮ ಟ್ರಿಪ್ಪುಗಳ ಸಂಖ್ಯೆ ಹೇಳಿದಾಗ ಅಂತರವನ್ನೂ ಕೇಳಬೇಕಾದ್ದು ಇದಕ್ಕೇ.

ದಿನಕ್ಕೆ ಮೂರೋ ನಾಲ್ಕೋ ಬಸ್ಸಿರುವ ಊರಿನವರು ಮನಸ್ಸಿಗೆ ಬಂದ ಹೊತ್ತಿಗೆ ಬರುವುದಿಲ್ಲ, ಮುಂಚೆಯೇ ಬಂದು ಕೂರುತ್ತಾರೆ. ಬಸ್ಸಿನ ಅನಿಶ್ಚಿತತೆಯನ್ನು ಅವರು ತಮ್ಮ ನಿದ್ದೆಯಿಂದ ತುಂಬಿಕೊಡುತ್ತಾರೆ, ಅಷ್ಟೇ.

ಇದು ದೇಹಕ್ಕೆ ಎಲ್ಲಿ ತಟ್ಟುತ್ತದೆ ನೋಡಿ. ಖಾಲಿಹೊಟ್ಟೆಯ ಸಕ್ಕರೆ ಪರೀಕ್ಷೆಗೆ ಕನಿಷ್ಠ 8 ಗಂಟೆ ಏನೂ ತಿಂದಿರಬಾರದು, ನೀರು ಕುಡಿಯಬಹುದು. ರಾತ್ರಿ 8ಕ್ಕೆ ಉಂಡು, ನಸುಕಿನ ವಸ್ತಿ ಬಸ್ಸು ಹತ್ತಿ, ಬಸ್ಸು ಬದಲಿಸಿ, ದವಾಖಾನೆಯಲ್ಲಿ ಚೀಟಿಗೆ ಸಾಲು ನಿಂತು, ಪ್ರಯೋಗಾಲಯದ ಮುಂದೆ ತೋಳು ಚಾಚುವ ಹೊತ್ತಿಗೆ 11 ಆದರೆ ಉಪವಾಸ 15 ಗಂಟೆಯದಾಗುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ, ಗ್ಲಿಮೆಪಿರೈಡ್‌ನಂಥ ಗುಳಿಗೆ ನುಂಗುವವರಿಗೆ ಇದು ಚೇಷ್ಟೆಯಲ್ಲ. ಸಕ್ಕರೆ ಕುಸಿದರೆ ಕೈ ನಡುಗುತ್ತದೆ, ಬೆವರು ಕಿತ್ತುಬರುತ್ತದೆ, ಮಾತು ತೊದಲುತ್ತದೆ. ಹಸಿವು ತಾಳದೆ ನಿಲ್ದಾಣದಲ್ಲಿ ಒಂದು ಕಪ್ ಚಹಾ, ಎರಡು ಬಿಸ್ಕತ್ತು ತಿಂದರೋ, ರಿಪೋರ್ಟಿನ ಅಂಕಿ ಏರಿ, 'ನಾಳೆ ಖಾಲಿಹೊಟ್ಟೆಯಲ್ಲಿ ಬನ್ನಿ' ಎಂಬ ಉತ್ತರ. ಆ ನಾಳೆ ಎಂದರೆ ಮತ್ತೊಂದು ವಸ್ತಿ ಬಸ್ಸು.

ಉಪವಾಸ ಬೇಡದ ಪರೀಕ್ಷೆಯೂ ಇದೆ. ಎಚ್‌ಬಿಎ1ಸಿ ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುತ್ತದೆ, ಏಕೆಂದರೆ ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ, ಅಷ್ಟೂ ದಿನ ಸಕ್ಕರೆ ಅದಕ್ಕೆ ಅಂಟುತ್ತಾ ಹೋಗುತ್ತದೆ. ಆದರೆ ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇರುವವರಲ್ಲಿ ಈ ಅಂಕಿ ಸುಳ್ಳಾಗಿ ಏರಬಹುದು. ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಆ ಕೊರತೆ ಕಡಿಮೆಯೇನಲ್ಲ. ಹೀಗಾಗಿ ಸುಲಭದ ದಾರಿ ಬೇರೆ ಇದೆ: ಖಾಲಿಹೊಟ್ಟೆಯ ರಕ್ತವನ್ನು ಊರ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೊಟ್ಟು, ಹೊಟ್ಟೆ ತುಂಬ ಉಂಡು, ರಿಪೋರ್ಟು ಹಿಡಿದು ಬಸ್ಸು ಹತ್ತುವುದು. ದೊಡ್ಡ ದವಾಖಾನೆ ಆ ರಿಪೋರ್ಟನ್ನು ಒಪ್ಪಿಕೊಳ್ಳಬೇಕು ಎಂಬುದೊಂದೇ ಷರತ್ತು.

ಇನ್ನು ಸುದ್ದಿಯ ಮಾತು. ತಜ್ಞ ವೈದ್ಯರೊಬ್ಬರು ವಾರದ ಆರು ದಿನಗಳಲ್ಲಿ ಎರಡು ದಿನ ಮಾತ್ರ ಕೂರುತ್ತಾರೆ ಎನ್ನೋಣ. ದಿನ ತಿಳಿದವರಿಗೆ ಒಂದೇ ಸುತ್ತು. ತಿಳಿಯದೆ ಕಣ್ಣುಮುಚ್ಚಿ ಹೊರಟವರಿಗೆ ವೈದ್ಯರು ಸಿಗುವ ಸಾಧ್ಯತೆ ಮೂರರಲ್ಲಿ ಒಂದು, ಅಂದರೆ ಸರಾಸರಿ ಮೂರು ಸುತ್ತು. ಒಂದು ಸಾಲಿನ ಸುದ್ದಿ ಎರಡು ಪ್ರಯಾಣವನ್ನು ಉಳಿಸುತ್ತದೆ. ಹೊಸ ರಸ್ತೆಯೂ ಬೇಡ, ಹೊಸ ಬಸ್ಸೂ ಬೇಡ, ಇಷ್ಟು ಅಗ್ಗದ ಸಾರಿಗೆ ಯೋಜನೆ ಇನ್ನೊಂದಿಲ್ಲ. ಈಗ ಈ ಸುದ್ದಿ ಹರಡುವುದು ಆಶಾ ಕಾರ್ಯಕರ್ತೆಯ ಬಾಯಿಂದ, ಬಸ್ಸಿನ ಕಂಡಕ್ಟರನಿಂದ, ಊರಿನ ವಾಟ್ಸ್‌ಆ್ಯಪ್ ಗುಂಪಿನಿಂದ, ಪತ್ರಿಕೆಯ ಜಿಲ್ಲಾ ಪುಟದ ಮೂಲೆಯಲ್ಲಿನ ಉಚಿತ ತಪಾಸಣಾ ಶಿಬಿರದ ಪ್ರಕಟಣೆಯಿಂದ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 52ರ ಆಸುಪಾಸು, ರಾಜ್ಯದಲ್ಲೇ ಕಡಿಮೆ. ಇಂಥಲ್ಲಿ ಆಸ್ಪತ್ರೆಯ ಗೋಡೆಯ ಮೇಲೆ ಬೋರ್ಡು ಬರೆಸಿದರೆ ಕೆಲಸ ಮುಗಿಯಿತು ಎಂದುಕೊಳ್ಳುವುದು ತಪ್ಪು. ಆ ಬೋರ್ಡು ಓದಬೇಕಾದರೂ ಆಸ್ಪತ್ರೆಯ ತನಕ ಹೋಗಬೇಕಲ್ಲ! ಈ ಸುದ್ದಿಯ ಜಾಗ ಬಸ್ ನಿಲ್ದಾಣದ ಧ್ವನಿವರ್ಧಕ.

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಹೆಣ್ಣುಮಕ್ಕಳ ಪಾಲಿಗೆ ಒಂದು ಗೋಡೆ ಕೆಡವಿದ್ದು ನಿಜ. ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಹರಿಸಿಕೊಂಡರೆ ಕಲಬುರಗಿ ತನಕ ಕಾಸಿಲ್ಲದೆ ಹೋಗಬಹುದು. ಆದರೆ ಪ್ರಯಾಣದ ವೆಚ್ಚ ಟಿಕೆಟ್ಟಿನಲ್ಲಿ ಮುಗಿಯುವುದಿಲ್ಲ. 2024-25ರಲ್ಲಿ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ರೋಗಿ, ಜೊತೆಗೊಬ್ಬರು ಸೇರಿ ಒಂದು ದಿನ ಕಳೆದುಕೊಂಡರೆ 698 ಹೋಯಿತು. ನಿಲ್ದಾಣದಿಂದ ಆಸ್ಪತ್ರೆಗೆ ಆಟೊ ಬೇರೆ. ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗುವವರಿಗೆ ಶಕ್ತಿ ಅನ್ವಯಿಸುವುದೇ ಇಲ್ಲ, ಅದು ರಾಜ್ಯದೊಳಗಿನ ಬಸ್ಸಿಗಷ್ಟೇ. ರೋಗ ರಾಜ್ಯದ ಗಡಿ ನೋಡುವುದಿಲ್ಲ, ಗಡಿ ನೋಡುವುದು ಟಿಕೆಟ್.

ಮತ್ತೆ ಮತ್ತೆ ಹೋಗಬೇಕಾದವರ ಪಾಡಂತೂ ಬೇರೆಯೇ. ಮೂತ್ರಪಿಂಡ ಕೈಕೊಟ್ಟವರಿಗೆ ಡಯಾಲಿಸಿಸ್ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಪ್ರತಿ ಸಲ ಸುಮಾರು 4 ಗಂಟೆ. ವರ್ಷಕ್ಕೆ 156 ಸುತ್ತು. ನೌಕರಿಗೆ ಓಡಾಡುವವರಂತೆ ಇವರೂ ನಿತ್ಯದ ಪ್ರಯಾಣಿಕರೇ, ಆದರೆ ಮರಳುವಾಗ ರಕ್ತದೊತ್ತಡ ಇಳಿದು ತಲೆ ಸುತ್ತುತ್ತಿರುತ್ತದೆ. ಹಲವು ದೇಶಗಳ ರೋಗಿಗಳನ್ನು ಹಿಂಬಾಲಿಸಿ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂದು ಗಂಟೆಗಿಂತ ಹೆಚ್ಚು ಪ್ರಯಾಣಿಸುವವರಿಗೆ ಸಾವಿನ ಅಪಾಯ, 15 ನಿಮಿಷದೊಳಗೆ ತಲುಪುವವರಿಗಿಂತ ಶೇ 20ರಷ್ಟು ಹೆಚ್ಚು ಕಂಡಿತು. ಪ್ರಯಾಣವೇ ಕೊಲ್ಲುತ್ತದೆ ಎಂದು ಇದರಿಂದ ತೀರ್ಮಾನಿಸಲಾಗದು, ದೂರದಲ್ಲಿರುವವರ ಬಡತನವೂ ಅದರೊಳಗೆ ಸೇರಿರಬಹುದು. ಆದರೂ ಡಯಾಲಿಸಿಸ್ ಯಂತ್ರ ತಾಲ್ಲೂಕಿನಲ್ಲಿರಬೇಕು ಎಂಬ ವಾದಕ್ಕೆ ಇದು ಬಲ ಕೊಡುತ್ತದೆ.

ಆಸ್ಪತ್ರೆಯನ್ನೂ ಬಸ್ಸನ್ನೂ ಜೋಡಿಸುವ ಮಾತಿಗೆ ಬರೋಣ. ಅಮೆರಿಕದ ಬಾಸ್ಟನ್ನಿನ ಲಾಂಗ್‌ವುಡ್ ಎಂಬ ವೈದ್ಯಕೀಯ ಬಡಾವಣೆಯಲ್ಲಿ ಆಸ್ಪತ್ರೆ, ಕಾಲೇಜುಗಳು ಒಟ್ಟಾಗಿ ಒಂದು ಸಂಸ್ಥೆ ಕಟ್ಟಿಕೊಂಡು ಸಿಬ್ಬಂದಿಗೂ ವಿದ್ಯಾರ್ಥಿಗಳಿಗೂ ಷಟಲ್ ಬಸ್ಸು ಓಡಿಸುತ್ತವೆ. ನಮ್ಮಲ್ಲಿ ಅಂಥದ್ದು ಯಾಕಿಲ್ಲ ಎಂದು ಹಲುಬುವ ಅಗತ್ಯ ನನಗೆ ಕಾಣುವುದಿಲ್ಲ. ಸೇಡಂ ರಸ್ತೆಯ ಆಸ್ಪತ್ರೆಗಳೂ, ಬಸ್ಸಿನ ವೇಳಾಪಟ್ಟಿ ಬರೆಯುವ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕೇಂದ್ರ ಕಚೇರಿಯೂ ಇರುವುದು ಒಂದೇ ಊರಿನಲ್ಲಿ. ಶಹಾಪುರ, ಸುರಪುರದ ಮೊದಲ ಬಸ್ಸು ಚೀಟಿ ಕೊಡುವ ಹೊತ್ತಿಗೆ ಮುಟ್ಟುವಂತೆ, ಕೊನೆಯ ಬಸ್ಸು ರಿಪೋರ್ಟು ಸಿಕ್ಕ ಮೇಲೆ ಹೊರಡುವಂತೆ ನೋಡಿಕೊಳ್ಳಲು ಎರಡೂ ಕಡೆಯವರು ಒಂದು ಮೇಜಿನ ಸುತ್ತ ಕುಳಿತರೆ ಸಾಕು. ದೂರದ ಹಳ್ಳಿಯವರ ಚೀಟಿಗೆ ಬಸ್ ಟಿಕೆಟ್ ನೋಡಿ ಆದ್ಯತೆ ಕೊಟ್ಟರೆ ಇನ್ನೂ ಒಳ್ಳೆಯದು.

ಆದರೆ ಕೆಲವು ರೋಗಗಳಿಗೆ ಯಾವ ವೇಳಾಪಟ್ಟಿಯೂ ಸಾಲದು. ಹೃದಯದ ರಕ್ತನಾಳ ಪೂರ್ತಿ ಕಟ್ಟಿಕೊಂಡಾಗ ಆಂಜಿಯೋಪ್ಲಾಸ್ಟಿ ಎರಡು ಗಂಟೆಯೊಳಗೆ ಸಾಧ್ಯವಿಲ್ಲದಿದ್ದರೆ, ಮೊದಲು ಹೆಪ್ಪು ಕರಗಿಸುವ ಮದ್ದು ಕೊಡಿ ಎನ್ನುತ್ತವೆ ವೈದ್ಯಕೀಯ ಮಾರ್ಗಸೂಚಿಗಳು. ಸುರಪುರದಿಂದ ಕಲಬುರಗಿಯ ದಾರಿಯೇ ಆ ಎರಡು ಗಂಟೆಯನ್ನು ತಿಂದುಹಾಕುತ್ತದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಜಾಣತನ ಇರುವುದು ಇಲ್ಲೇ: ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಅದನ್ನು ದೂರದ ಹೃದ್ರೋಗ ತಜ್ಞರಿಗೆ ಕಳಿಸಿ, ಅವರು ಹೇಳಿದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುವುದು. ರೋಗಿಗಿಂತ ಮೊದಲು ಇಸಿಜಿ ಪ್ರಯಾಣ ಮಾಡುತ್ತದೆ. ಹಾವು ಕಡಿತಕ್ಕೂ ಇದೇ ತರ್ಕ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಆಗುವ ಪ್ರತಿವಿಷ ಒಣಪುಡಿಯ ರೂಪದಲ್ಲಿ ಬರುವುದರಿಂದ ಫ್ರಿಜ್ ಇಲ್ಲದೆಯೂ ಇಡಬಹುದು. ವಿಷ ರಕ್ತಕ್ಕೆ ತಟ್ಟಿದೆಯೇ ಎಂದು ನೋಡಲು ಒಂದು ಗಾಜಿನ ನಳಿಗೆ ಸಾಕು. ಅದರಲ್ಲಿ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಬಾಗಿಸಿದಾಗ ಅದು ಹೆಪ್ಪುಗಟ್ಟದೆ ಹರಿದರೆ ಮಂಡಲದ ಹಾವಿನ ವಿಷ ಕೆಲಸ ಮಾಡಿದೆ ಎಂದರ್ಥ. ನಾರಾಯಣಪುರ ಕಾಲುವೆಯ ಕೆಳಗೆ ಭತ್ತದ ಗದ್ದೆಯಲ್ಲಿ ದುಡಿಯುವವರಿಗೆ, ಪ್ರತಿವಿಷವನ್ನು ಹತ್ತಿರದ ಆಸ್ಪತ್ರೆಯಲ್ಲೇ ಇಡಬಹುದು ಎಂಬುದು ತಿಳಿದಿರಬೇಕು. ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿದೆ.

ಹಾಗಾಗಿ ಸಗರನಾಡಿನ ಓದುಗರಲ್ಲಿ ಒಂದು ವಿನಂತಿ. ಮಂಡಿನೋವಿಗೆ, ಕಣ್ಣಿಗೆ, ಹಳೆಯ ಸಕ್ಕರೆ ಕಾಯಿಲೆಗೆ ವೈದ್ಯರು ಕೂರುವ ದಿನ ವಿಚಾರಿಸಿಕೊಂಡೇ ಬಸ್ಸು ಹತ್ತಿ. ಎದೆ ಒತ್ತಿದಂತಾಗಿ ನೋವು ತೋಳಿಗೆ ಇಳಿದರೆ, ಇಲ್ಲವೇ ಹಾವು ಕಡಿದರೆ, ಕಲಬುರಗಿಯ ಹೆಸರು ತೆಗೆಯಬೇಡಿ. 108ಕ್ಕೆ ಕರೆ ಮಾಡಿ, ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ.