ಅಡುಗೆಯವನ ಮಗಳು ಹೇಳಿದ ಚರಿತ್ರೆ

ಜಾರ್ಜ್ ವಾಷಿಂಗ್ಟನ್ ತೀರಿಕೊಂಡದ್ದು 1799ರ ಡಿಸೆಂಬರಿನಲ್ಲಿ. ಮರುವರ್ಷವೇ ಪಾರ್ಸನ್ ವೀಮ್ಸ್ ಎಂಬ ಪಾದ್ರಿ ಅವನ ಜೀವನಚರಿತ್ರೆ ಬರೆದು ಊರೂರು ಸುತ್ತಿ ಮಾರತೊಡಗಿದ. 1806ರ ಮುದ್ರಣದಲ್ಲಿ ಅದಕ್ಕೊಂದು ಹೊಸ ಪ್ರಸಂಗ ಸೇರಿತು. ಆರು ವರ್ಷದ ಜಾರ್ಜ್ ಕೈಗೊಡಲಿಯಿಂದ ಚೆರ್ರಿ ಗಿಡಕ್ಕೆ ಏಟು ಹಾಕುತ್ತಾನೆ. ಅಪ್ಪ ಕೇಳಿದಾಗ ಮುಚ್ಚಿಡದೆ ಒಪ್ಪಿಕೊಳ್ಳುತ್ತಾನೆ. ಇದಕ್ಕೆ ಯಾವ ಆಧಾರವೂ ಸಿಕ್ಕಿಲ್ಲ. ಆದರೂ ಮೆಕ್‌ಗಫಿ ಪಠ್ಯಮಾಲೆಯನ್ನೇರಿ ಅದು ಅಮೆರಿಕದ ಶಾಲೆ ಶಾಲೆಗೂ ಹೋಯಿತು.

ಅದೇ ವಾಷಿಂಗ್ಟನ್‌ನ ಮನೆಯಲ್ಲಿ ಹರ್ಕ್ಯುಲಿಸ್ ಎಂಬ ಅಡುಗೆಯವನಿದ್ದ. ಗುಲಾಮ, ಆದರೆ ಅಧ್ಯಕ್ಷರ ಫಿಲಡೆಲ್ಫಿಯಾ ನಿವಾಸದ ಅಡುಗೆಮನೆ ನಡೆಯುತ್ತಿದ್ದುದು ಅವನ ಮಾತಿನ ಮೇಲೆ. ಹೊರಗಿನಿಂದ ಕರೆತಂದ ಗುಲಾಮರು ಪೆನ್ಸಿಲ್ವೇನಿಯಾದಲ್ಲಿ ಆರು ತಿಂಗಳು ನೆಲೆಸಿದರೆ ಅಲ್ಲಿನ ಕಾನೂನಿನಂತೆ ಬಿಡುಗಡೆ ಪಡೆಯಬಹುದಿತ್ತು. ಅವಧಿ ತುಂಬುವ ಮೊದಲೇ ಅವರನ್ನು ರಾಜ್ಯದ ಗಡಿ ದಾಟಿಸಿ ಮತ್ತೆ ಕರೆಸಿಕೊಳ್ಳುವ ಏರ್ಪಾಡು ವಾಷಿಂಗ್ಟನ್‌ನದಾಗಿತ್ತು. ಕೊನೆಗೆ ಹರ್ಕ್ಯುಲಿಸ್‌ನನ್ನು ವರ್ಜೀನಿಯಾದ ಮೌಂಟ್ ವರ್ನನ್ ಎಸ್ಟೇಟಿಗೆ ಕಳಿಸಿ ಮಣ್ಣು ಅಗೆಯುವ, ಕಲ್ಲು ಒಡೆಯುವ ಕೆಲಸಕ್ಕೆ ಹಚ್ಚಿದರು. 1797ರ ಫೆಬ್ರವರಿ 22ರಂದು ಅವನು ಅಲ್ಲಿಂದ ತಪ್ಪಿಸಿಕೊಂಡ. ಅಂದು ವಾಷಿಂಗ್ಟನ್‌ನ 65ನೇ ಹುಟ್ಟುಹಬ್ಬ.

2016ರ ಜನವರಿಯಲ್ಲಿ ಸ್ಕೊಲಾಸ್ಟಿಕ್ ಪ್ರಕಾಶನ ‘ಎ ಬರ್ತ್‌ಡೇ ಕೇಕ್ ಫಾರ್ ಜಾರ್ಜ್ ವಾಷಿಂಗ್ಟನ್’ ಎಂಬ ಚಿತ್ರಪುಸ್ತಕ ತಂದಿತು. ಅದರಲ್ಲಿ ಹರ್ಕ್ಯುಲಿಸ್ ಮತ್ತು ಅವನ ಮಗಳು ನಗುನಗುತ್ತಾ ಯಜಮಾನನಿಗೆ ಕೇಕ್ ಮಾಡುತ್ತಾರೆ. ಓಡಿಹೋದ ವಿಷಯವಿದ್ದದ್ದು ಕಥೆಯಲ್ಲಲ್ಲ, ಹಿಂಬದಿಯ ಟಿಪ್ಪಣಿಯಲ್ಲಿ. ಟೀಕೆಯ ಮಳೆ ಸುರಿಯಿತು. ಎರಡು ವಾರ ಕಳೆಯುವುದರೊಳಗೆ ಪ್ರಕಾಶನ ಅದನ್ನು ಹಿಂತೆಗೆದುಕೊಂಡಿತು.

ಮಕ್ಕಳಿಗೆ ಅಷ್ಟು ಕಹಿ ಬೇಡ ಎಂಬ ಅಂಜಿಕೆಯೇ ಇಂಥ ಪುಸ್ತಕಗಳ ಹಿಂದಿರುತ್ತದೆ ಎಂದು ನನಗನ್ನಿಸುತ್ತದೆ. ಆ ಅಂಜಿಕೆಗೆ ಉತ್ತರ ಹರ್ಕ್ಯುಲಿಸ್‌ನ ಮನೆಯಲ್ಲೇ ಇದೆ. ಅವನು ಹೋದ ಕೆಲವೇ ವಾರಗಳಲ್ಲಿ, ಮುಂದೆ ಫ್ರಾನ್ಸಿನ ದೊರೆಯಾದ ಲೂಯಿ ಫಿಲಿಪ್ ಮೌಂಟ್ ವರ್ನನ್‌ಗೆ ಬಂದಿದ್ದ. ಅಪ್ಪನನ್ನು ಇನ್ನು ನೋಡಲಾರೆನೆಂದು ದುಃಖವಾಗುವುದಿಲ್ಲವೇ ಎಂದು ಅವನ ಸೇವಕ ಹರ್ಕ್ಯುಲಿಸ್‌ನ ಆರು ವರ್ಷದ ಮಗಳನ್ನು ಕೇಳಿದ. ಇಲ್ಲ, ಅಪ್ಪ ಈಗ ಸ್ವತಂತ್ರ, ತನಗೆ ಸಂತೋಷವೇ ಆಗಿದೆ ಎಂದಳಂತೆ ಆ ಮಗು. ಲೂಯಿ ಫಿಲಿಪ್ ಇದನ್ನು ದಿನಚರಿಯಲ್ಲಿ ಬರೆದಿಟ್ಟ. ಕಟ್ಟಿದ ಚೆರ್ರಿ ಗಿಡದ ಕಥೆ ಇನ್ನೂರು ವರ್ಷ ಬಾಳಿತು. ನಿಜವಾಗಿ ನಡೆದ ಈ ಸಂಭಾಷಣೆ ಎಷ್ಟು ಮಕ್ಕಳ ಕಿವಿಗೆ ಬಿದ್ದೀತು?

ಅಳಿಸಿಹೋದವರು ಇವರಷ್ಟೇ ಅಲ್ಲ. ಲಾರಾ ಇಂಗಲ್ಸ್ ವೈಲ್ಡರ್ ಅವರ ‘ಲಿಟಲ್ ಹೌಸ್ ಆನ್ ದಿ ಪ್ರೇರಿ’ (1935) ನಡೆಯುವುದು ಓಸೇಜ್ ಜನರ ನೆಲದಲ್ಲಿ. ಅಲ್ಲಿ ಜನರೇ ಇಲ್ಲ, ಇಂಡಿಯನ್ನರಷ್ಟೇ ಇದ್ದಾರೆ ಎಂಬ ಅರ್ಥದ ಮಾತೊಂದನ್ನು ಓದುಗರೊಬ್ಬರು ಆಕ್ಷೇಪಿಸಿದ ಮೇಲೆ, 1953ರ ಮುದ್ರಣದಲ್ಲಿ ತಿದ್ದಲಾಯಿತು. ಲೂಯಿಸ್ ಎರ್ಡ್ರಿಚ್ ಅವರ ‘ದಿ ಬರ್ಚ್‌ಬಾರ್ಕ್ ಹೌಸ್’ (1999) ಆ ಕಥೆ ನಡೆಯುವ ಶತಮಾನವನ್ನೇ ಒಜಿಬ್ವೆ ಹುಡುಗಿಯೊಬ್ಬಳ ಮನೆಯೊಳಗಿನಿಂದ ತೋರಿಸುತ್ತದೆ. ಸಿಡುಬು ಬಂದು ಆ ಮನೆಯನ್ನು ಹೊಕ್ಕುವ ಪುಟಗಳನ್ನು ಓದಿದವರು ಮರೆಯಲಾರರು. ಎರಡನ್ನೂ ಜೊತೆಯಲ್ಲಿ ಓದಿಸುವುದು ಒಳ್ಳೆಯದು.

ರೂಬಿ ಬ್ರಿಡ್ಜಸ್‌ಗೂ ಆರೇ ವರ್ಷ. 1960ರ ನವೆಂಬರ್ 14ರಂದು ಈ ಕಪ್ಪು ಹುಡುಗಿ ಫೆಡರಲ್ ಮಾರ್ಷಲ್‌ಗಳ ಕಾವಲಿನಲ್ಲಿ ನ್ಯೂ ಆರ್ಲಿಯನ್ಸ್‌ನ ಬಿಳಿಯರ ಶಾಲೆಗೆ ಕಾಲಿಟ್ಟಳು. ಹೊರಗೆ ಕಿರುಚುತ್ತಿದ್ದ ಗುಂಪನ್ನು ಕಂಡು ಊರಿನ ಮಾರ್ಡಿ ಗ್ರಾ ಜಾತ್ರೆಯೆಂದು ಭಾವಿಸಿದೆ ಎಂದು ‘ಥ್ರೂ ಮೈ ಐಸ್’ (1999) ಪುಸ್ತಕದಲ್ಲಿ ಅವರು ನೆನೆಯುತ್ತಾರೆ. ಅಂದಿನ ಛಾಯಾಚಿತ್ರಗಳ ಪಕ್ಕದಲ್ಲೇ ಮಗುವಿನ ನೆನಪು ನಿಲ್ಲುವುದರಿಂದ, ಓದುವ ಮಗುವಿಗೆ ಎರಡೂ ಏಕಕಾಲಕ್ಕೆ ಕಾಣುತ್ತವೆ: ಗುಂಪು ಏನಾಗಿತ್ತು, ಅವಳಿಗೆ ಏನೆನಿಸಿತ್ತು.

ಎಳೆಯರಿಗಾಗಿ ಅವರೇ ಬರೆದ ಇನ್ನೊಂದು ಪುಸ್ತಕದ ಮೇಲೆ 2021ರಲ್ಲಿ ಟೆನೆಸಿಯ ಪೋಷಕರ ಗುಂಪೊಂದು ದೂರಿತು. ಕಥೆಯ ಕೊನೆಯಲ್ಲಿ ಸಮಾಧಾನ ಸಾಲದು ಎಂಬುದೂ ಅದರಲ್ಲಿತ್ತು. ರೂಬಿ ಶಾಲೆಗೆ ಕಾಲಿಟ್ಟ ವರ್ಷ ನಡೆದದ್ದಾದರೂ ಏನು? ಬಿಳಿಯ ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು; ಬಾರ್ಬರಾ ಹೆನ್ರಿ ಎಂಬ ಶಿಕ್ಷಕಿ ಖಾಲಿ ತರಗತಿಯಲ್ಲಿ ರೂಬಿಯೊಬ್ಬಳಿಗೇ ವರ್ಷವಿಡೀ ಪಾಠ ಮಾಡಿದರು. ಮರುವರ್ಷ ತರಗತಿ ತುಂಬಿತ್ತು, ಆ ಮೇಡಂ ಮಾತ್ರ ಇರಲಿಲ್ಲ. ಬ್ರಿಡ್ಜಸ್ ಅದನ್ನೂ ಬಿಡದೆ ಬರೆದಿದ್ದಾರೆ.