ಮೊಂತಿ ಫೆಸ್ತಿಗೆ ಬರುವವರೇ, ನಿದ್ದೆ ಮಾಡಿ ಹೊರಡಿ

ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ ಬೆಂಗಳೂರಿನಲ್ಲಿರುವ ನಮ್ಮವರು ಊರಿಗೆ ಬರುತ್ತಾರೆ. ಹಗಲಿಡೀ ಆಫೀಸು, ರಾತ್ರಿ ಸ್ಟಿಯರಿಂಗ್. ಬೆಳಗ್ಗಿನ ಬಲಿಪೂಜೆಗೆ, ತೆನೆಯ ಆಶೀರ್ವಾದಕ್ಕೆ ತಲುಪಬೇಕೆಂಬ ಆತುರ. ಸುಮಾರು 350 ಕಿ.ಮೀ. ದಾರಿಯಲ್ಲಿ ಶಿರಾಡಿ ಘಾಟಿ ಸಿಗುವುದು ನಡುರಾತ್ರಿ ಕಳೆದ ಮೇಲೆ. ದೇಹ ನಿದ್ದೆಗೆ ಅತಿ ಹೆಚ್ಚು ಹಾತೊರೆಯುವುದೂ 2ರಿಂದ 6 ಗಂಟೆಯ ನಡುವಿನ ಆ ವೇಳೆಯಲ್ಲೇ.

ಗಂಟೆಗೆ 80 ಕಿ.ಮೀ. ವೇಗದ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ನಾಲ್ಕು ಸೆಕೆಂಡು ರೆಪ್ಪೆ ಮುಚ್ಚಿದರೆ ಸುಮಾರು 90 ಮೀಟರ್ ದಾರಿಯನ್ನು ಯಾರೂ ನೋಡಿಲ್ಲ ಎಂದರ್ಥ. ಅಷ್ಟರೊಳಗೆ ಹಿಂಬದಿಯ ದೀಪವಿಲ್ಲದೆ ನಿಂತ ಲಾರಿಯೊಂದು ಇದ್ದರೆ?

ಕಿಟಕಿ ತೆರೆದು ಹಾಡು ಜೋರು ಮಾಡಿದರೆ ನಿದ್ದೆ ಹೋಗುವುದಿಲ್ಲ. ಕಾಫಿಯ ಗುಣ ಕಾಣಲೂ ಅರ್ಧ ಗಂಟೆ ಬೇಕು. ಆದ್ದರಿಂದ ಆಕಳಿಕೆ ಹೆಚ್ಚಿದರೆ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ, ಕಾಫಿ ಕುಡಿದು 20 ನಿಮಿಷ ಮಲಗಿ. ಪಕ್ಕದ ಸೀಟಿನವರು ಎಚ್ಚರವಿದ್ದು ಮಾತಾಡುತ್ತಿರಲಿ. (ನಮ್ಮಲ್ಲಿ ಜಪಸರ ಮುಗಿದೊಡನೆ ಮೊದಲು ಗೊರಕೆ ಹೊಡೆಯುವವರು ಅವರೇ!) ಸಾಧ್ಯವಿದ್ದರೆ ಹಿಂದಿನ ದಿನ ಹಗಲಲ್ಲೇ ಹೊರಡುವುದು ಎಲ್ಲಕ್ಕಿಂತ ಒಳ್ಳೆಯದು.

ಊರಿನಲ್ಲಿ ಕಾಯುವ ತಂದೆತಾಯಿಯರಲ್ಲೂ ಒಂದು ಕೋರಿಕೆ. "ಎಲ್ಲಿಗೆ ಮುಟ್ಟಿದಿ?" ಎಂದು ಗಳಿಗೆಗೊಮ್ಮೆ ಫೋನ್ ಮಾಡಬೇಡಿ. ಹೊಸ ಅಕ್ಕಿಯ ಊಟ ಹೇಗೂ ಮಧ್ಯಾಹ್ನಕ್ಕಲ್ಲವೇ?